ತೆನೆಹಬ್ಬ ಮುಗಿಯುವ ತನಕ

ಜೆಪ್ಪು, ಮಂಗಳೂರು
12 ಆಗಸ್ಟ್ 2025

ಪ್ರೀತಿಯ ಪ್ರಣೀತಾ,

ನೀನು ಕೊಚ್ಚಿಯಿಂದ ಕಳಿಸಿದ ಸಿನಿಮಾದ ಸ್ಕ್ರಿಪ್ಟ್ ಸಿಕ್ಕಿತು. ಎರಡು ಸಲ ಓದಿದೆ. ಎರಡನೇ ಸಲ ಓದಿದ್ದು, ಮೊದಲ ಸಲ ಓದಿದ್ದು ನಿಜವಾ ಅಂತ ನೋಡಲಿಕ್ಕೆ. ನಿಜವೇ. ನಲವತ್ತೊಂದನೇ ಪುಟದಲ್ಲಿ ದೆವ್ವ ಉಂಟು.

ಎಲ್ಲಿಂದ ಬಂತು ಮಾರಾಯ್ತಿ ಅದು? ಹದಿನೇಳು ವರ್ಷ ಕುವೈತಿನಲ್ಲಿ ಮನೆಕೆಲಸ ಮಾಡಿದವಳು ನಾನು. ಒಂದು ದಿನವೂ ದೆವ್ವ ಕಾಣಲಿಲ್ಲ. ಕಾಣಲಿಕ್ಕೆ ಪುರುಸೊತ್ತು ಬೇಕಲ್ಲ, ಅದು ಇರಲಿಲ್ಲ. ಇನ್ನು ನಿನ್ನ ಕತ್ತಲೆ. ಪುಟಪುಟಕ್ಕೂ ಕತ್ತಲೆ, ಮೇಣದ ಬತ್ತಿ, ಕಿರ್ ಅನ್ನುವ ಬಾಗಿಲು. ಆ ಮನೆಯಲ್ಲಿ ಕತ್ತಲೆ ಅಂತ ಒಂದು ಮೂಲೆ ಇರಲಿಲ್ಲ. ನಾನು ಮಲಗುತ್ತಿದ್ದದ್ದು ವಾಷಿಂಗ್ ಮೆಷಿನಿನ ಕೋಣೆಯಲ್ಲಿ. ಅದರ ಟ್ಯೂಬ್‌ಲೈಟಿನ ಸ್ವಿಚ್ಚು ಹೊರಗಡೆ ಇತ್ತು, ಆರಿಸುವುದು ಅವರ ಇಷ್ಟ. ಬಾಗಿಲು ಶಬ್ದ ಮಾಡುತ್ತಿರಲಿಲ್ಲ, ಯಾಕೆಂದರೆ ಎಣ್ಣೆ ಹಾಕುತ್ತಿದ್ದವಳು ನಾನೇ.

ನಿನಗೆ ನಾನು ಕೊಟ್ಟದ್ದು ಒಂದೇ ಸಂಗತಿ. ನನ್ನ ಅಮ್ಮ ಇಲ್ಲಿ ಜೆಪ್ಪುವಿನಲ್ಲಿ ತೀರಿಕೊಂಡಾಗ ಊರಿನ ಫೋನ್ ಎತ್ತಿದ್ದು ಮ್ಯಾಡಮ್. ಅವಳ ಮಗಳ ಮದುವೆ ಹತ್ತಿರ ಬಂದಿತ್ತು. ಮದುವೆ ಆಗಿ ನೆಂಟರೆಲ್ಲ ಹೊರಟುಹೋಗುವ ತನಕ ಹತ್ತು ದಿನ ನನಗೆ ಹೇಳಲಿಲ್ಲ. ಆ ಹತ್ತು ದಿನವೂ ನಾನು ಸತ್ತ ಅಮ್ಮನಿಗೆ ಆರೋಗ್ಯ ಕೊಡು ಅಂತ ಜಪಸರ ಹಿಡಿದು ಬೇಡಿದ್ದೇನೆ. ಗುಂಡಿಗೆ ಒಂದು ಮುಷ್ಟಿ ಮಣ್ಣು ಹಾಕಲಿಕ್ಕೆ ನನಗೆ ಸಿಗಲಿಲ್ಲ. ಹೆದರಿಸಲಿಕ್ಕೆ ಅಷ್ಟು ಸಾಲದಾ? ಅದನ್ನು ಬಿಟ್ಟು ಬಿಳಿ ಸೀರೆ, ಬಿಚ್ಚಿದ ಕೂದಲು. ಥೂ.

ಫೋನ್ ಮಾಡಬೇಡ. ಫೋನಿನಲ್ಲಿ ನೀನು ಎಂತೆಂತ ರೆಕಾರ್ಡ್ ಮಾಡುತ್ತೀ ಅಂತ ತಿಳಿಯುವುದಿಲ್ಲ. ಕಾಗದದಲ್ಲಾದರೆ ನಾನು ಹೇಳಿದ್ದೆಷ್ಟು ಅಂತ ನನಗೆ ಲೆಕ್ಕ ಇರುತ್ತದೆ.

ಇಲ್ಲಿ ಫುಲ್ಮನಿಯದ್ದು ಬೇರೆ ತಲೆನೋವು. ನೀನು ಬಂದಾಗ ಚಾ ಕೊಟ್ಟಳಲ್ಲ, ಝಾರ್ಖಂಡಿನ ಹುಡುಗಿ, ಕಾನ್ವೆಂಟಿನ ಸಿಸ್ಟರ್‌ಗಳು ಕರೆದುಕೊಂಡು ಬಂದು ಬಿಟ್ಟವಳು. ಅವಳ ತಂದೆಗೆ ಸೌಖ್ಯ ಇಲ್ಲವಂತೆ, ಈಗಲೇ ಊರಿಗೆ ಹೋಗಬೇಕಂತೆ. ನನ್ನ ಮಂಡಿ ಆಪರೇಶನ್ ಆಗಿ ಮೂರು ತಿಂಗಳು ಆಗಲಿಲ್ಲ. ಸೆಪ್ಟೆಂಬರ್ ಎಂಟಕ್ಕೆ ನಮ್ಮ ತೆನೆಹಬ್ಬ, ಮಗ ಸೊಸೆ ದುಬೈಯಿಂದ ಬರುತ್ತಾರೆ. ಹಬ್ಬ ಮುಗಿಸಿ ಹೋಗು ಅಂದಿದ್ದೇನೆ. ಅದಕ್ಕೆ ಮುಖ ಊದಿಸಿಕೊಂಡು ಪಾತ್ರೆ ಕುಕ್ಕುತ್ತಾಳೆ.

ದೆವ್ವ ತೆಗೆ.

ಇತಿ,
ಮಗ್ದಲೀನ್

*

ಕೊಚ್ಚಿ
17 ಆಗಸ್ಟ್ 2025

ಪ್ರೀತಿಯ ಮಗ್ದಲೀನ್ ಬಾಯಮ್ಮನಿಗೆ,

ನನ್ನ ಅಜ್ಜಿ ಕುದ್ರೋಳಿಯಲ್ಲಿ ನಿಮ್ಮ ಕ್ರಿಶ್ಚಿಯನ್ ಜನದ ಹೆಂಗಸರನ್ನೆಲ್ಲ ಬಾಯಮ್ಮ ಎಂದೇ ಕರೆಯುತ್ತಿದ್ದದ್ದು. ನನಗೂ ಅದೇ ಬಾಯಿಗೆ ಬರುತ್ತದೆ. ಸಿಟ್ಟು ಮಾಡಬೇಡಿ, ಅಥವಾ ಇರುವ ಸಿಟ್ಟಿನ ಜೊತೆ ಇದನ್ನೂ ಸೇರಿಸಿಕೊಳ್ಳಿ.

ದೆವ್ವ ನನ್ನದಲ್ಲ. ಪ್ರೊಡ್ಯೂಸರ್ ಬಾಸಿಲ್ ಅವರದ್ದು. ಹೆದರಿಸುವ ಸಿನಿಮಾ ಅಂತ ಹೇಳಿ ಪೇಟೆಗೆ ಬಿಟ್ಟ ಮೇಲೆ ಯಾವುದಾದರೂ ಒಂದು ಕಡೆ ಜನ ಕುರ್ಚಿಯಿಂದ ಹಾರಬೇಕು ಎನ್ನುತ್ತಾರೆ. ಮನೆಕೆಲಸದ ಹೆಂಗಸೊಬ್ಬಳ ತಲೆಯೊಳಗೆ ನಡೆಯುವುದೇ ಹೆದರಿಕೆ ಎಂದು ನಾನು ಒಂದು ವರ್ಷದಿಂದ ವಾದಿಸುತ್ತಿದ್ದೇನೆ. ಬಂಡೆಗಲ್ಲಿಗೆ ತಲೆ ಚಚ್ಚಿಕೊಂಡರೂ ಬಂಡೆಗೆ ಏನಾಗುತ್ತದೆ?

ಒಂದು ವಿಷಯದಲ್ಲಿ ನಿಮ್ಮ ಸಹಾಯ ಬೇಕು. ಮ್ಯಾಡಮ್ ಪಾತ್ರ ಮಾಡುವ ನಟಿ ದಿನಾ ಒಂದೇ ಪ್ರಶ್ನೆ ಕೇಳುತ್ತಾರೆ. ಆ ಹತ್ತು ದಿನ ಮ್ಯಾಡಮ್ ನಿಮ್ಮ ಜೊತೆ ಹೇಗೆ ನಡೆದುಕೊಂಡಳು? ಅವಳ ತಲೆಯಲ್ಲಿ ಏನು ಓಡುತ್ತಿತ್ತು? ಸ್ಕ್ರಿಪ್ಟಿನಲ್ಲಿ ಆ ಹತ್ತು ದಿನ ಖಾಲಿ ಉಂಟು. ಖಾಲಿ ಇರುವುದಕ್ಕೇ ದೆವ್ವ ಬಂದು ಕೂತದ್ದು.

ಇನ್ನೊಂದು. ಫುಲ್ಮನಿಯ ತಂದೆಯ ಕಾಯಿಲೆ ನಿಮ್ಮ ಹಬ್ಬದ ತನಕ ಕಾಯುತ್ತದಾ?

ನಿಮ್ಮ
ಪ್ರಣೀತಾ

*

ಜೆಪ್ಪು
23 ಆಗಸ್ಟ್ 2025

ಪ್ರಣೀತಾ,

ಮ್ಯಾಡಮ್ ಏನು ಯೋಚನೆ ಮಾಡುತ್ತಿದ್ದಳು ಅಂತ ನನ್ನಲ್ಲಿ ಕೇಳುತ್ತೀಯಲ್ಲ, ನಾನು ಅವಳ ತಲೆಯೊಳಗೆ ಕಸ ಗುಡಿಸಲಿಕ್ಕೆ ಹೋಗಿದ್ದೆನಾ? ಪಿಶಾಚಿ ಅವಳು. ಪಿಶಾಚಿಗಳು ಎಂತ ಯೋಚನೆ ಮಾಡುತ್ತವೋ ಅದನ್ನೇ ಮಾಡಿರಬಹುದು. ಹೇಗೆ ನಡೆದುಕೊಂಡಳು ಅನ್ನುವುದು ನನಗೆ ನೆನಪಿಲ್ಲ. ಇಪ್ಪತ್ತೊಂದು ವರ್ಷ ಆಯಿತು.

ನೆನಪಿರುವುದನ್ನು ಬರೆಯುತ್ತೇನೆ, ಸರಿಮಾಡು. ಎಂಟನೇ ಪುಟದಲ್ಲಿ ಕೆಲಸದವಳು ಸೀರೆ ಉಟ್ಟು ನೆಲ ಒರೆಸುತ್ತಾಳೆ. ನಮಗೆ ಕೊಡುತ್ತಿದ್ದದ್ದು ಪೈಜಾಮದ ಹಾಗಿನ ಬಟ್ಟೆ, ಎದೆಯ ಮೇಲೆ ಒಂದು ಕಿಸೆ. ಹತ್ತೊಂಬತ್ತರಲ್ಲಿ ಅವಳು ಅನ್ನ ಮೀನು ಬಡಿಸಿಕೊಂಡು ಮೇಜಿನ ಮುಂದೆ ಕೂರುತ್ತಾಳೆ. ಯಾವ ಮೇಜು? ಇಪ್ಪತ್ತಾರರಲ್ಲಿ ಅಳುತ್ತಾ ಶಿಲುಬೆ ಗುರುತು ಹಾಕುವಾಗ ಬಲಭುಜ ಮೊದಲು ಮುಟ್ಟುತ್ತಾಳಂತೆ. ಎಡ ಮೊದಲು. ಪೂರಾ ಮಂಗಳೂರು ನಗುತ್ತದೆ.

ಫುಲ್ಮನಿ ವಿಷಯದಲ್ಲಿ ನನಗೆ ಪಾಠ ಹೇಳಬೇಡ. ಕೆಲಸದವರ ಕಷ್ಟ ನನ್ನಷ್ಟು ಗೊತ್ತಿರುವವರು ಈ ಜೆಪ್ಪುವಿನಲ್ಲಿ ಯಾರಿದ್ದಾರೆ? ಅವಳಿಗೆ ಒಂದು ಕೋಣೆ ಉಂಟು, ಸ್ವಿಚ್ಚು ಒಳಗೆ ಉಂಟು. ಭಾನುವಾರ ಚರ್ಚಿನ ಪೂಜೆಗೆ ಕರೆದುಕೊಂಡು ಹೋಗುತ್ತೇನೆ. ಫೋನ್ ನನ್ನ ಕಪಾಟಿನಲ್ಲಿ ಇರುವುದು ಹೌದು, ಇಲ್ಲದಿದ್ದರೆ ಮೂರು ಹೊತ್ತೂ ರೀಲ್ಸ್ ನೋಡುತ್ತಾಳೆ. ಭಾನುವಾರ ಒಂದು ಗಂಟೆ ಕೊಡುತ್ತೇನೆ, ಊರಿಗೆ ಮಾತಾಡುತ್ತಾಳೆ. ಮ್ಯಾಡಮ್ ಅಂತ ಕರೆ ಅಂತ ನಾನು ಕಲಿಸಿದ್ದಲ್ಲ, ಅವಳೇ ಕರೆಯುವುದು.

ಮನೆಯವಳ ಹಾಗೆ ನೋಡಿಕೊಂಡಿದ್ದೇನೆ. ಕಳೆದ ವರ್ಷ ನೊವೆಂ, ಅಂದರೆ ಹೊಸ ಅಕ್ಕಿಯ ಊಟದಲ್ಲಿ ಅವಳಿಗೂ ಪಾಲು ಕೊಟ್ಟೆ. ಆಶೀರ್ವಾದ ಆದ ತೆನೆಯ ಕಾಳು ಮನೆಯವರಿಗೆ ಮಾತ್ರ ಕೊಡುವುದು, ನಿನಗೆ ಗೊತ್ತಿರಲಿ. ದುಬೈಗೆ ಮಗನಿಗೆ ಲಕೋಟೆಯಲ್ಲಿ ಕಳಿಸಿದ್ದೆಷ್ಟೋ ಅವಳಿಗೆ ಕೊಟ್ಟದ್ದೂ ಅಷ್ಟೇ.

ಈ ವರ್ಷ ಏಳು ಬಗೆ ತರಕಾರಿ ಅಂತ ನಿಶ್ಚಯ ಮಾಡಿದ್ದೇನೆ. ಮಗ ಕ್ಯಾಲ್ವಿನ್ ಮೂರು ವರ್ಷದ ನಂತರ ಬರುವುದು. ಈ ಕಾಲಿನಲ್ಲಿ ಒಬ್ಬಳೇ ಹೇಗೆ ಮಾಡಲಿ, ನೀನೇ ಹೇಳು.

ಮಗ್ದಲೀನ್

*

ಕೊಚ್ಚಿ
29 ಆಗಸ್ಟ್ 2025

ಬಾಯಮ್ಮ,

ಗೋದಾಮಿನಲ್ಲಿ ಕುವೈತಿನ ಮನೆ ಎದ್ದು ನಿಂತಿದೆ. ಶೂಟಿಂಗ್ ಶುರುವಾಗಿ ಮೂರು ದಿನ. ಶಿಲುಬೆ ಗುರುತು ಸರಿಮಾಡಿದೆ, ಮೇಜು ತೆಗೆಸಿದೆ, ಟ್ಯೂಬ್‌ಲೈಟ್ ಹಾಕಿಸಿದೆ. ಟ್ಯೂಬ್‌ಲೈಟ್ ನೋಡಿ ಬಾಸಿಲ್ ಅವರು, ಇದು ಹೆದರಿಸುವ ಸಿನಿಮಾವಾ, ಸರಕಾರಿ ಆಸ್ಪತ್ರೆಯಾ ಎಂದರು. ದೆವ್ವ ಇನ್ನೂ ಉಂಟು. ಹತ್ತು ದಿನಕ್ಕೆ ತುಂಬಿಸಲು ನನ್ನ ಹತ್ತಿರ ಬೇರೇನೂ ಇಲ್ಲ, ನೀವೂ ಕೊಡುವುದಿಲ್ಲ.

ಉದ್ದ ಬರೆಯಲು ಹೊತ್ತಿಲ್ಲ. ಫುಲ್ಮನಿಯನ್ನು ಕಳಿಸಿಕೊಡಿ. ಹಬ್ಬದ ಅಡುಗೆಗೆ ನಾಲ್ಕು ದಿನದ ಮಟ್ಟಿಗೆ ಇನ್ನೊಬ್ಬರು ಸಿಗುತ್ತಾರೆ. ಬೇಕಾದರೆ ಅವಳ ಟಿಕೆಟ್ ನಾನು ಮಾಡಿಸುತ್ತೇನೆ.

ಪ್ರಣೀತಾ

*

ಜೆಪ್ಪು
4 ಸೆಪ್ಟೆಂಬರ್ 2025, ಗುರುವಾರ ಸಂಜೆ

ಪ್ರಣೀತಾ,

ಟಿಕೆಟ್ ನೀನು ಮಾಡಿಸುತ್ತೀಯಾ? ಒಬ್ಬ ಹುಡುಗಿಗೆ ಟಿಕೆಟ್ ಮಾಡಿಸುವ ಗತಿ ನನಗಿಲ್ಲ ಅಂತ ತಿಳಿದೆಯಾ? ನಿನ್ನ ಕಾಗದ ಓದಿ ಎರಡು ದಿನ ಉತ್ತರವೇ ಬರೆಯಬಾರದು ಅಂತ ಇದ್ದೆ. ಈಗ ಬರೆಯುತ್ತಿರುವುದು ಬೇರೆ ಕಾರಣಕ್ಕೆ. ಯಾರಲ್ಲಾದರೂ ಹೇಳದಿದ್ದರೆ ಎದೆ ಹಿಡಿದುಕೊಳ್ಳುತ್ತದೆ, ಹೇಳಲಿಕ್ಕೆ ಇಲ್ಲಿ ಯಾರೂ ಇಲ್ಲ.

ಮಧ್ಯಾಹ್ನ ಕಪಾಟಿನಲ್ಲಿ ಫುಲ್ಮನಿಯ ಫೋನ್ ಹೊಡೆದುಕೊಂಡಿತು. ನಿಲ್ಲಲೇ ಇಲ್ಲ, ಕೊನೆಗೆ ಎತ್ತಿದೆ. ಅವಳ ಅಣ್ಣ. ತಂದೆ ಬೆಳಿಗ್ಗೆ ತೀರಿಕೊಂಡರಂತೆ. ಹೆಣವನ್ನು ಮಿಷನ್ ಆಸ್ಪತ್ರೆಯಲ್ಲಿ ಇಟ್ಟಿದ್ದಾರೆ, ತಂಗಿ ಬರುವ ತನಕ, ಭಾನುವಾರ ಸಂಜೆಯವರೆಗೆ ಕಾಯುತ್ತೇವೆ ಅಂದ. ಸರಿ, ಹೇಳುತ್ತೇನೆ ಅಂದು ಇಟ್ಟೆ.

ಹೇಳಲಿಲ್ಲ. ಹಬ್ಬದ ಮರುದಿನ, ಒಂಬತ್ತಕ್ಕೆ ಹೇಳುತ್ತೇನೆ.

ನೀನು ಬಾಯಿ ತೆರೆಯುವ ಮೊದಲು ಕೇಳು. ರೈಲಿನಲ್ಲಿ ಹೋದರೆ ಅವಳು ಹೇಗೂ ತಲುಪುವುದಿಲ್ಲ, ಎರಡೂವರೆ ದಿನದ ದಾರಿ. ವಿಮಾನದಲ್ಲಿ ತಲುಪಬಹುದು ಅಂತ ನೀನು ಹೇಳುತ್ತೀ. ಆ ಹುಡುಗಿ ವಿಮಾನ ಹತ್ತಿದವಳಲ್ಲ, ಬೆಂಗಳೂರಿನಲ್ಲಿ ಇಳಿದು ಹತ್ತುವಾಗ ಕಳೆದುಹೋದರೆ ಸಿಸ್ಟರ್‌ಗಳಿಗೆ ನಾನು ಎಂತ ಉತ್ತರ ಕೊಡಲಿ? ಮತ್ತೆ, ನಮ್ಮಲ್ಲಿ ಸಾವಾದ ಮನೆಯಲ್ಲಿ ನೊವೆಂ ಮಾಡುವ ಕ್ರಮ ಇಲ್ಲ. ಅವಳನ್ನು ಬರೀ ಕೆಲಸದವಳು ಅಂತ ಇಟ್ಟಿದ್ದರೆ ತೊಂದರೆ ಇರಲಿಲ್ಲ, ಅವಳ ಸಾವು ಅವಳ ಮನೆಗೆ. ಮನೆಯವಳು ಅಂತ ತೆನೆಯ ಕಾಳು ಕೊಟ್ಟಾಗಿದೆ. ಈಗ ಅವಳಿಗೆ ಗೊತ್ತಾದರೆ ಈ ಮನೆಗೇ ದುಃಖ ಬಂದ ಹಾಗೆ, ಹಬ್ಬ ನಿಲ್ಲಿಸಬೇಕು. ಗೊತ್ತಾಗದಿದ್ದರೆ ದುಃಖ ಇನ್ನೂ ಒಳಗೆ ಬಂದಿಲ್ಲ ಅಂತ ಲೆಕ್ಕ. ಮೂರು ವರ್ಷದ ಮೇಲೆ ಬರುವ ಮಗನಿಗೆ ಗಂಜಿ ಬಡಿಸಲಾ?

ಇದಕ್ಕೂ ನನ್ನ ಕಥೆಗೂ ಹೋಲಿಸಲಿಕ್ಕೆ ಹೋಗಬೇಡ. ಅದು ಬೇರೆ. ಆ ಹೆಂಗಸಿಗೆ ನನ್ನ ಮೇಲೆ ಕರುಣೆ ಇರಲಿಲ್ಲ. ನನಗೆ ಈ ಹುಡುಗಿಯ ಮೇಲೆ ಉಂಟು. ಹಬ್ಬಕ್ಕೆ ಅಂತ ತೆಗೆದಿಟ್ಟ ಹೊಸ ಸೀರೆ ಇವತ್ತೇ ಕೊಟ್ಟೆ. ಊಟ ಆದ ಮೇಲೆ ಮಲಗಿಕೋ ಅಂದೆ. ಅಡುಗೆಮನೆಯಲ್ಲಿ ಕುರ್ಚಿ ಎಳೆದು ಕೂರಿಸಿ ನಾನೇ ಚಾ ಮಾಡಿಕೊಟ್ಟೆ. ಮುಖ ಅರಳಿಹೋಯಿತು. ಮೂರು ವಾರದಿಂದ ಮುನಿಸಿಕೊಂಡಿದ್ದವಳು ಈಗ ಅವಳ ಭಾಷೆಯ ಯಾವುದೋ ಹಾಡು ಹೇಳುತ್ತಾ ತೆಂಗಿನಕಾಯಿ ತುರಿಯುತ್ತಿದ್ದಾಳೆ. ಎಷ್ಟು ಸಂತೋಷದಲ್ಲಿ ಇದ್ದಾಳೆ ನೋಡು. ನಾನು ಯಾಕೆ ಅದನ್ನು ಕೆಡಿಸಲಿ?

ಭಾನುವಾರ ಫೋನ್ ಕೇಳುತ್ತಾಳೆ. ರಿಪೇರಿಗೆ ಕೊಟ್ಟಿದ್ದೇನೆ ಅಂತ ಹೇಳಬೇಕು. ಇದನ್ನು ಯಾರಿಗೂ ಹೇಳಬೇಡ. ಈಗಲೇ ಸ್ಪೀಡ್ ಪೋಸ್ಟಿಗೆ ಹಾಕಿಸುತ್ತೇನೆ.

ಮಗ್ದಲೀನ್

*

ಕೊಚ್ಚಿ
9 ಸೆಪ್ಟೆಂಬರ್ 2025

ಬಾಯಮ್ಮ,

ಭಾನುವಾರ ರಾತ್ರಿ ಫೋನಿನಲ್ಲಿ ನಿಮ್ಮ ಮೇಲೆ ಕೂಗಾಡಿದೆ. ಪಿಶಾಚಿ ಎಂಬ ಮಾತೂ ಬಂತು. ನೀವು, ಈಗ ಮಣ್ಣಾಗಿದೆ, ಇನ್ನು ಹಬ್ಬವಾದರೂ ನೆಟ್ಟಗೆ ಆಗಲಿ ಎಂದು ಇಟ್ಟಿರಿ. ನಾನು ಅವತ್ತು ಹೇಳದೆ ಬಿಟ್ಟದ್ದನ್ನು ಈಗ ಬರೆಯುತ್ತೇನೆ. ನೀವು ಹೇಳುವ ಹಾಗೆ, ಕಾಗದದಲ್ಲಾದರೆ ಲೆಕ್ಕ ಇರುತ್ತದೆ.

ನಿಮ್ಮ ಕಾಗದ ನಾನು ಓದಿದ್ದು, ಫೋನಿನಲ್ಲಿ ಹೇಳಿದ ಹಾಗೆ, ಭಾನುವಾರ ಅಲ್ಲ. ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ. ಸೆಟ್ಟಿನಲ್ಲಿ ನಿಂತುಕೊಂಡೇ ಓದಿದೆ. ಹಬ್ಬದ ಸೀರೆ, ಕುರ್ಚಿ, ಚಾ, ಹಾಡು, ಎಲ್ಲ ಓದಿದೆ. ಓದಿ ಮುಗಿಸಿದಾಗ ನನ್ನ ಕೈಗೆ ಮೊದಲು ಬಂದದ್ದು ಫೋನ್ ಅಲ್ಲ, ಪೆನ್ನು. ಖಾಲಿ ಇದ್ದ ಹತ್ತು ದಿನಕ್ಕೆ ಬೇಕಾದದ್ದು ಅಲ್ಲಿ ಸಿಕ್ಕಿತ್ತು. ಮ್ಯಾಡಮ್ ಒಳ್ಳೆಯವಳಾಗುತ್ತಾಳೆ. ಕೆಲಸದವಳು ಖುಷಿಯಲ್ಲಿ ಹಾಡುತ್ತಾಳೆ. ನೋಡುವವರಿಗೆ ಮಾತ್ರ ಗೊತ್ತು. ಶನಿವಾರ ಬರೆದೆ, ಭಾನುವಾರ ಬೆಳಕು ಇರುವಾಗಲೇ ಚಿತ್ರೀಕರಿಸಿದೆ. ಬಾಸಿಲ್ ಅವರೇ ದೆವ್ವ ಬೇಡ ಎಂದರು, ಇದು ಸಾಕು ಎಂದರು. ಎಲ್ಲರೂ ಚಪ್ಪಾಳೆ ಹೊಡೆದರು. ಆಮೇಲೆ ಊಟಕ್ಕೆ ಕೂತಾಗ ನನಗೆ ಫುಲ್ಮನಿಯ ನೆನಪಾಯಿತು.

ಶನಿವಾರ ಹತ್ತಕ್ಕೇ ಒಂದು ಫೋನ್ ಮಾಡಿದ್ದರೆ ಅವಳು ಮಧ್ಯಾಹ್ನದ ವಿಮಾನದಲ್ಲಿ ಹೊರಟು ಭಾನುವಾರ ಮಣ್ಣಿಗೆ ತಲುಪುತ್ತಿದ್ದಳು. ಅಲ್ಲಿ ಅವರು ಅವಳಿಗಾಗಿ ಕಾಯುತ್ತಿದ್ದರು. ನನಗೆ ಅದು ಗೊತ್ತಿತ್ತು.

ಇವತ್ತು ಒಂಬತ್ತು. ಅವಳಿಗೆ ಹೇಳಿದಿರಾ?

ಪ್ರಣೀತಾ

*

ಜೆಪ್ಪು
12 ಸೆಪ್ಟೆಂಬರ್ 2025

ಪ್ರಣೀತಾ,

ಹೇಳುವುದು ಶಾಸ್ತ್ರ, ಹಾಕುವುದು ಗಾಳ ಅಂತ ನಿನಗೆ ಬರೆಯಬೇಕು ಅಂತ ಇದ್ದೆ. ಬರೆಯುವ ಮುಖ ನನಗೂ ಇಲ್ಲ.

ಹೇಳಿದೆ. ಒಂಬತ್ತರಂದು ಬೆಳಿಗ್ಗೆ, ಕ್ಯಾಲ್ವಿನ್ ಮತ್ತು ಸೊಸೆ ವಿನಿತಾ ಅವಳ ತವರಿಗೆ ಹೋದ ಮೇಲೆ. ಹಿಂದಿನ ದಿನ ಊಟ ಚೆಂದ ಆಗಿತ್ತು. ಏಳು ಬಗೆಯನ್ನೂ ಫುಲ್ಮನಿಯೇ ಮಾಡಿದ್ದು. ತೆನೆಯ ಕಾಳು ಹಾಕಿದ ಹಾಲನ್ನು ನಾನೇ ಅವಳ ಕೈಗೆ ಕೊಟ್ಟಿದ್ದೆ, ಕುಡಿದು ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದ್ದಳು.

ಅಳುತ್ತಾಳೆ, ಬೈಯುತ್ತಾಳೆ ಅಂತ ತಯಾರಾಗಿದ್ದೆ. ಅವಳು ಒಂದೇ ಪ್ರಶ್ನೆ ಕೇಳಿದಳು, ಯಾವ ದಿನ ಅಂತ. ಗುರುವಾರ ಅಂದೆ. ಬೆರಳು ಮಡಚಿ ಎಣಿಸಿದಳು.

“ಸೀರೆ ಕೊಟ್ಟ ದಿನ?” ಅಂದಳು.

ಹೌದು ಅಂದೆ. ಒಳಗೆ ಹೋಗಿ ಸೀರೆ ಬದಲಿಸಿ, ಅದನ್ನು ಮಡಚಿ ಮೇಜಿನ ಮೇಲೆ ಇಟ್ಟಳು. ನಾನು ಟಿಕೆಟ್ ಮಾಡಿಸಿದೆ, ಫೋನು, ಆಧಾರ್ ಕಾರ್ಡು ಎಲ್ಲ ಕೊಟ್ಟೆ, ನೆರೆಯ ಕಾಸಿಂ ಅವರ ರಿಕ್ಷಾದಲ್ಲಿ ಸ್ಟೇಷನ್‌ವರೆಗೆ ಬಂದೆ. ಬರುತ್ತೀಯಾ ಅಂತ ಕೇಳುವ ಧೈರ್ಯ ನನಗೆ ಬರಲಿಲ್ಲ.

ನೀನು ಆಗಸ್ಟಿನಲ್ಲಿ ಕೇಳಿದ್ದೆ, ಆ ಹತ್ತು ದಿನ ಮ್ಯಾಡಮ್ ಹೇಗೆ ನಡೆದುಕೊಂಡಳು ಅಂತ. ನೆನಪಿಲ್ಲ ಅಂದೆ. ಸುಳ್ಳು. ಚೆನ್ನಾಗಿ ನೆನಪು ಉಂಟು. ಒಂದು ಅತ್ತರಿನ ಬಾಟಲಿ ಕೊಟ್ಟಿದ್ದಳು, ಅವಳದ್ದೇ, ಅರ್ಧ ತುಂಬಿದ್ದು. ಮಧ್ಯಾಹ್ನ ಮಲಗಲಿಕ್ಕೆ ಬಿಟ್ಟಿದ್ದಳು. ಹದಿನೇಳು ವರ್ಷದಲ್ಲಿ ಆ ಹತ್ತು ದಿನದಷ್ಟು ಸುಖ ನಾನು ಆ ಮನೆಯಲ್ಲಿ ಕಾಣಲಿಲ್ಲ. ಪಕ್ಕದ ಮನೆಯ ಕೆಲಸದವಳಿಗೆ ಬಾಟಲಿ ತೋರಿಸಿ ಜಂಬ ಮಾಡಿದ್ದೆ. ಅಮ್ಮ ಮಣ್ಣಾಗಿ ವಾರ ಆಗಿತ್ತು, ನಾನು ಅತ್ತರು ಹಾಕಿಕೊಂಡು ತಿರುಗುತ್ತಿದ್ದೆ. ಅದನ್ನು ಇಷ್ಟು ವರ್ಷ ಯಾರಿಗೂ ಹೇಳಲಿಲ್ಲ, ಪಾಪನಿವೇದನೆಯಲ್ಲಿ ಪಾದ್ರಿಗಳಿಗೂ ಹೇಳಲಿಲ್ಲ.

ಅವಳ ತಲೆಯಲ್ಲಿ ಎಂತ ಓಡುತ್ತಿತ್ತು ಅಂತ ಈಗ ನಾನು ಹೇಳಬಲ್ಲೆ. ನಿನ್ನ ನಟಿಗೆ ತಿಳಿಸು. ದೊಡ್ಡ ವಿಚಾರ ಏನೂ ಇಲ್ಲ. ತೊಂಡೆಕಾಯಿ ಸಾಕಾಗುತ್ತದಾ ಇಲ್ಲವಾ, ಅಷ್ಟೇ. ಪೂರಾ ನಾಲ್ಕು ದಿನ ನನ್ನ ತಲೆಯಲ್ಲಿ ಇದ್ದದ್ದು ತೊಂಡೆಕಾಯಿ.

ಮಗ್ದಲೀನ್

*

ಕೊಚ್ಚಿ
24 ಸೆಪ್ಟೆಂಬರ್ 2025

ಬಾಯಮ್ಮ,

ನಿಮ್ಮ ಕಾಗದ ನಟಿಗೆ ಓದಿ ಹೇಳಲಿಲ್ಲ. ಆ ದೃಶ್ಯವನ್ನು ಇನ್ನೊಮ್ಮೆ ತೆಗೆಯುವಾಗ, ತರಕಾರಿ ಲೆಕ್ಕ ಹಾಕುತ್ತಾ ಅಭಿನಯಿಸಿ ಎಂದಷ್ಟೇ ಹೇಳಿದೆ. ಒಂದೇ ಸಲಕ್ಕೆ ಮುಗಿಯಿತು.

ಆ ದೃಶ್ಯ ಇಟ್ಟುಕೊಳ್ಳಬಹುದೇ ಎಂದು ನಿಮ್ಮಲ್ಲಿ ಕೇಳಬೇಕು. ಫುಲ್ಮನಿಯಲ್ಲಿ ಕೇಳಬೇಕು. ಅವಳು ಬೇಡ ಎಂದರೆ ತೆಗೆಯುತ್ತೇನೆ, ಬಾಸಿಲ್ ಅವರು ನನ್ನನ್ನೇ ತೆಗೆದರೂ ಸರಿ.

ಕೊನೆ ಮಾತ್ರ ಉಳಿದಿದೆ. ನನ್ನ ಸ್ಕ್ರಿಪ್ಟಿನಲ್ಲಿ ಕೆಲಸದವಳು ಬಾಗಿಲು ಬಡಿದು ಹೊರಟುಹೋಗುತ್ತಾಳೆ. ಹಿಂದಿರುಗಿ ನೋಡುವುದಿಲ್ಲ. ಅದು ಸರಿಯಾಗಿದೆಯೇ?

ಪ್ರಣೀತಾ

*

ಜೆಪ್ಪು
7 ಅಕ್ಟೋಬರ್ 2025

ಪ್ರಣೀತಾ,

ಸರಿಯಾಗಿಲ್ಲ. ಹೊರಟುಹೋಗುವುದಂತೆ, ಹಿಂದಿರುಗಿ ನೋಡುವುದಿಲ್ಲವಂತೆ. ಹೋಗಿ ಎಂತ ತಿನ್ನುವುದು? ಸಿನಿಮಾದವರಿಗೆ ಮಾತ್ರ ಹೊಳೆಯುವ ಮಾತು. ಅಮ್ಮ ತೀರಿದ ವರ್ಷ ನನಗೆ ನಲವತ್ತು ದಿನ ರಜೆ ಸಿಕ್ಕಿತು. ಸಮಾಧಿಗೆ ಹೂ ಇಟ್ಟು, ಪುನಃ ಹೋದೆ. ಅದೇ ಮನೆಗೆ. ಮ್ಯಾಡಮಿಗೆ ಅಂತ ನೇಂದ್ರ ಬಾಳೆಕಾಯಿ ಚಿಪ್ಸ್ ಕಟ್ಟಿಸಿಕೊಂಡು ಹೋದೆ. ಅವಳು ಬಾಗಿಲು ತೆರೆದಾಗ ನಾನು ನಕ್ಕೆ. ಅವಳು ನಗಲಿಲ್ಲ, ನನ್ನ ಮುಖ ನೋಡಲಿಕ್ಕೆ ಹೆದರಿದಳು ಅಂತ ಈಗ ಅನ್ನಿಸುತ್ತದೆ.

ಫುಲ್ಮನಿ ಬಂದಿದ್ದಾಳೆ. ಮೊನ್ನೆ ಭಾನುವಾರ ಬೆಳಿಗ್ಗೆ. ಅಣ್ಣನ ಮನೆಯಲ್ಲಿ ಐದು ಜನ, ಗದ್ದೆ ಇಲ್ಲ, ಬೇರೆ ಎಲ್ಲಿ ಹೋಗಲಿ ಅಂತ ಸಿಸ್ಟರ್ ಹತ್ತಿರ ಹೇಳಿದಳಂತೆ. ನನಗೆ ಒಂದು ಕಟ್ಟು ಒಣಗಿಸಿದ ಅಣಬೆ ತಂದಿದ್ದಳು.

ಬರುತ್ತಾಳೆ ಅಂತ ಸಿಸ್ಟರ್ ತಿಳಿಸಿದಂದಿನಿಂದ ನಾನು ಒಂದೇ ನಿಶ್ಚಯ ಮಾಡಿದ್ದೆ, ಇನ್ನು ಅವಳನ್ನು ನೆಟ್ಟಗೆ ನೋಡಿಕೊಳ್ಳಬೇಕು ಅಂತ. ಫೋನ್ ಅವಳ ಹತ್ತಿರವೇ ಇರಲಿ ಅಂದೆ. ನಿನ್ನ ದೃಶ್ಯದ ವಿಷಯವನ್ನೂ ಕೇಳಬೇಕು ಅಂತ ಇತ್ತು. ಅದಕ್ಕೆ ಮೊದಲು ಕ್ಷಮೆ ಕೇಳಬೇಕಲ್ಲ. ಹೇಗೆ ಕೇಳುವುದು ಅಂತ ನನಗೆ ಬರುವುದಿಲ್ಲ, ನನ್ನಲ್ಲಿ ಯಾರೂ ಕೇಳಿದವರಿಲ್ಲ. ಅವಳು ಕೈಕಾಲು ತೊಳೆದು ಅಡುಗೆಮನೆಗೆ ಬರುವಷ್ಟರಲ್ಲಿ ಈ ಕಾಲೆಳೆದುಕೊಂಡು ಚಾ ಮಾಡಿದೆ. ಕುರ್ಚಿ ಎಳೆದು, ಕೂತುಕೋ ಮಗಾ ಅಂದೆ.

ಅವಳು ಕೂರಲಿಲ್ಲ. ಕುರ್ಚಿಯನ್ನು ನೋಡಿದಳು, ಚಾ ನೋಡಿದಳು, ಗೋಡೆಗೆ ಒರಗಿ ನಿಂತಳು.

“ಈಗ ಯಾರು, ಮ್ಯಾಡಮ್?” ಅಂದಳು.

ಯಾರೂ ಇಲ್ಲ, ಯಾರೂ ಸಾಯಲಿಲ್ಲ ಅಂತ ಆಣೆ ಹಾಕಿದೆ. ಅಣ್ಣನಿಗೆ ಅಲ್ಲೇ ಫೋನ್ ಮಾಡಿಸಿದೆ. ಅವನ ಸ್ವರ ಕೇಳಿದ ಮೇಲೂ ಅವಳು ಆ ಚಾ ಮುಟ್ಟಲಿಲ್ಲ. ಎರಡು ದಿನದಿಂದ ನಾನು ಅವಳ ಮೇಲೆ ರೇಗುತ್ತಿದ್ದೇನೆ, ನೆಲ ಸರಿ ಒರೆಸಲಿಲ್ಲ, ಸಾರಿಗೆ ಉಪ್ಪು ಜಾಸ್ತಿ ಅಂತ. ರೇಗಿದರೆ ಮಾತ್ರ ಅವಳಿಗೆ ನಿದ್ದೆ ಬರುತ್ತದೆ.

ಮಗ್ದಲೀನ್